‘ಬಿದ್ದೆ ಸಾರ್’ ಎನ್ನುವ ಗಾಯಗಳು

ಇಪ್ಪತ್ತೆರಡು ವರ್ಷದ ಯುವಕನೊಬ್ಬನನ್ನು ಒಂದು ಸಂಜೆ ಅವನ ಸೋದರಮಾವ ನನ್ನ ಬಳಿಗೆ ಕರೆತಂದರು. ‘ಅಡಿಕೆ ಮರದಿಂದ ಜಾರಿ ಬಿದ್ದಾನೆ ಸಾರ್, ನೋವಿಗೊಂದು ಇಂಜೆಕ್ಷನ್ ಹಾಕಿಬಿಡಿ’ ಎಂದರು. ಮರದಿಂದ ಜಾರಿದವನ ಎದೆ, ಅಂಗೈ, ತೊಡೆಯ ಒಳಭಾಗ ತರಚಿರಬೇಕು. ಇವನಿಗೆ ಅಲ್ಲೆಲ್ಲೂ ಗಾಯವಿರಲಿಲ್ಲ. ಬೆನ್ನು, ತೊಡೆಗಳ ತುಂಬ ರೈಲು ಹಳಿಗಳಂತೆ ಜೋಡಿ ಜೋಡಿ ಕೆಂಪು ಗೆರೆಗಳಿದ್ದವು. ದೊಣ್ಣೆಯ ಏಟು ಬಿದ್ದಾಗ ರಕ್ತ ಎರಡೂ ಬದಿಗೆ ಸರಿದು ಮೂಡುವ ಗುರುತು ಅದು. ಮಾವನನ್ನು ಹೊರಗೆ ಕೂರಿಸಿ ಕೇಳಿದೆ. ‘ಬಿದ್ದೆ ಸಾರ್’ ಎಂದ.

ನಾನು ಒತ್ತಾಯಿಸಲಿಲ್ಲ. ಇಂಜೆಕ್ಷನ್ ಕೊಟ್ಟೆ, ಚೀಟಿಯಲ್ಲಿ ‘ಬಿದ್ದು ಆದ ಗಾಯ’ ಎಂದೇ ಬರೆದೆ.

ಮೂರನೆಯ ದಿನ ಅವನು ಮತ್ತೆ ಬಂದಾಗ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು, ಪ್ರಮಾಣವೂ ತೀರ ಇಳಿದಿತ್ತು. ಆಗ ಮಾವ ಬಾಯಿಬಿಟ್ಟರು. ಪಂಪ್‌ಸೆಟ್ಟಿನ ಕೇಬಲ್ ಕದ್ದನೆಂಬ ಅನುಮಾನಕ್ಕೆ ಅವನನ್ನು ಕಂಬಕ್ಕೆ ಕಟ್ಟಿ ಹೊಡೆದಿದ್ದರು. ಊರಿನ ಅರ್ಧ ಜನ ಸುತ್ತ ನಿಂತಿದ್ದರಂತೆ.

ಮೈಮೇಲೆ ಏಟುಗಳ ಸುರಿಮಳೆಯಾದಾಗ ಚರ್ಮ ಒಡೆಯದಿದ್ದರೂ ಒಳಗಿನ ಮಾಂಸಖಂಡ ಜಜ್ಜಿಹೋಗುತ್ತದೆ. ಅದರಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ಹಾನಿ ಮಾಡುತ್ತದೆ. ಜೊತೆಗೇ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಮೊದಲ ದಿನವೇ ಸಾಕಷ್ಟು ಡ್ರಿಪ್ ಕೊಟ್ಟರೆ ಬಹಳಷ್ಟು ಮಂದಿ ಈ ಗಂಡಾಂತರದಿಂದ ಪಾರಾಗುತ್ತಾರೆ. ನಾನು ಕೊಟ್ಟದ್ದು ಡೈಕ್ಲೋಫೆನಾಕ್. ಮರದಿಂದ ಬಿದ್ದವನ ನೋವಿಗೆ ಅದು ಸರಿ. ಇಂಥ ಸ್ಥಿತಿಯಲ್ಲಿ ಮೂತ್ರಪಿಂಡಕ್ಕೆ ಇನ್ನೊಂದು ಏಟು. ದಾವಣಗೆರೆಗೆ ಕಳಿಸಿದೆವು. ಡಯಾಲಿಸಿಸ್ ಆಗಿ ಬದುಕಿಕೊಂಡ.

ಇದು ಯಾವ ಊರು ಎಂದು ಕೇಳಬೇಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯಾದರೂ ನಡೆದೀತು. 2025ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯಲ್ಲಿ ಮಹಿಳೆಯೊಬ್ಬರನ್ನು ಗುಂಪೊಂದು ಹಾಡಹಗಲೇ ದೊಣ್ಣೆ, ಪೈಪುಗಳಿಂದ ಥಳಿಸಿದ್ದು ಓದುಗರಿಗೆ ನೆನಪಿರಬಹುದು. ಆರು ಜನರ ಬಂಧನವಾಯಿತು. ಅದೇ ತಿಂಗಳು ಅದೇ ತಾಲ್ಲೂಕಿನಲ್ಲಿ, ಕಳ್ಳತನದ ಆರೋಪ ಹೊರಿಸಿ ಬಾಲಕನೊಬ್ಬನನ್ನು ಅಡಿಕೆ ಮರಕ್ಕೆ ಕಟ್ಟಿ ಹೊಡೆದು, ಮೈಮೇಲೆ ಕೆಂಪಿರುವೆ ಬಿಟ್ಟ ಸುದ್ದಿಯೂ ಬಂತು. ಎರಡನ್ನೂ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಚಿತ್ರಿಸಿಕೊಂಡವರಿದ್ದರು.

ನಿಂತವರೆಲ್ಲ ಕಟುಕರೇನಲ್ಲ. 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ನಡೆಸಿದರು. ಪಕ್ಕದ ಕೋಣೆಯವನಿಗೆ ಫಿಟ್ಸ್ ಬಂದಂತೆ ಸದ್ದು ಕೇಳಿಸಿದಾಗ, ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಅದು ಮುಗಿಯುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ 31 ಮಾತ್ರ. ನಮ್ಮ ಕಡೆ ಇದಕ್ಕೆ ಬೇರೆ ಹೆದರಿಕೆಗಳೂ ಸೇರುತ್ತವೆ. ಹೊಡೆದವನು ನೆಂಟ, ಇಲ್ಲವೇ ಸಾಲ ಕೊಟ್ಟವನು. ನಾಳೆ ಸಂತೆಯಲ್ಲಿ ಅವನ ಮುಖವನ್ನೇ ನೋಡಬೇಕು. ‘ಕೂತು ಮಾತಾಡಿ ಮುಗಿಸೋಣ’ ಎನ್ನುವ ಹಿರಿಯರಿಗೂ ಕೊರತೆಯಿಲ್ಲ. ಅಷ್ಟರಲ್ಲಿ ಒಳಗಿನ ರಕ್ತಸ್ರಾವ ಯಾರ ರಾಜಿಗೂ ಕಾಯುವುದಿಲ್ಲ.

ಹೆಂಗಸರ ‘ಬಚ್ಚಲಲ್ಲಿ ಜಾರಿದೆ’ ಎಂಬುದು ಇನ್ನೂ ಹಳೆಯ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಇವುಗಳಲ್ಲಿ ನನಗೆ ಅತಿ ಭಯ ಹುಟ್ಟಿಸುವುದು ಕತ್ತು ಹಿಸುಕಿದ ಪ್ರಕರಣ. ಹೊರಗೆ ಒಂದು ಗುರುತೂ ಇರದೆ, ಗಂಟಲು ಕೆಲವು ಗಂಟೆಗಳ ನಂತರ ಊದಿಕೊಳ್ಳಬಹುದು. ದನಿ ಬದಲಾಗಿದ್ದರೆ, ನುಂಗಲು ಕಷ್ಟವಾದರೆ, ಕಣ್ಣಲ್ಲಿ ಕೆಂಪು ಚುಕ್ಕೆಗಳಿದ್ದರೆ ಮನೆಯಲ್ಲಿ ಉಳಿಯಬಾರದು. ತಲೆಗೆ ಏಟು ಬಿದ್ದವರು ಎದ್ದು ಓಡಾಡಿ, ಚೆನ್ನಾಗಿದ್ದೇನೆ ಎಂದು ಮಲಗಿ, ರಾತ್ರಿಯೇ ಎಚ್ಚರ ತಪ್ಪುವುದುಂಟು.

‘ಪೊಲೀಸ್ ಕೇಸ್ ಆಗುತ್ತದೆ’ ಎಂಬ ಅಂಜಿಕೆ ಬಹಳ ಮಂದಿಗೆ. ಹಲ್ಲೆ ಎಂದು ದಾಖಲಾದರೆ ಪೊಲೀಸರಿಗೆ ಮಾಹಿತಿ ಹೋಗುವುದು ನಿಜ. ಆದರೆ ಚಿಕಿತ್ಸೆ ಅದಕ್ಕೆ ಕಾಯಬೇಕಿಲ್ಲ. ಮೊದಲು ಜೀವ, ಆಮೇಲೆ ಕಾಗದ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ. ಅತ್ಯಾಚಾರ, ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಅತ್ಯಾಚಾರದ ನಂತರ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು.

ಗಾಯಾಳುವಿನ ಜೊತೆ ಬಂದವರು, ವೈದ್ಯರು ಹೇಳಿದ ಕೂಡಲೇ ಹೊರಗೆ ಹೋಗಬೇಕು. ನಾವೂ ಹೇಳಲು ಸಂಕೋಚಪಡಬಾರದು. ಆಗಲೂ ಬಾಯಿ ಬಾರದಿದ್ದರೆ, ಕಡೇಪಕ್ಷ ಮೂತ್ರದ ಬಣ್ಣ ಬದಲಾಗಿದೆಯೇ, ವಾಂತಿಯಾಯಿತೇ, ಹೊಟ್ಟೆ ಗಟ್ಟಿಯಾಗಿದೆಯೇ ಎಂಬುದನ್ನಾದರೂ ತಿಳಿಸಿ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಹೊಡೆತ ಇನ್ನೂ ನಡೆಯುತ್ತಿರುವಾಗ ದೂರದಲ್ಲಿ ನಿಂತವರೂ 112ಕ್ಕೆ ಕರೆ ಮಾಡಬಹುದು.