ಮಳೆ ಅಳೆಯೋಣ ಬನ್ನಿ: ಒಂದು ಬಾಟಲಿ, ಹಲವು ಪಾಠ

ಮಕ್ಕಳೇ, ನಿನ್ನೆ ನಿಮ್ಮ ಊರಿನಲ್ಲಿ ಎಷ್ಟು ಮಳೆ ಬಿತ್ತು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? 'ಜೋರು ಮಳೆ', 'ತುಂತುರು ಮಳೆ', 'ಹದ ಮಳೆ' ಎನ್ನುತ್ತೀರಿ ಅಲ್ಲವೇ? ಆದರೆ ಒಬ್ಬರಿಗೆ ಜೋರು ಎನಿಸಿದ್ದು ಇನ್ನೊಬ್ಬರಿಗೆ ಹದ ಎನಿಸಬಹುದು. ಅಳೆದು ಹೇಳಿದರೆ ಈ ಗೊಂದಲ ಇರುವುದಿಲ್ಲ.

ಇನ್ನು ಸ್ವಲ್ಪ ದಿನಗಳಲ್ಲಿ ನೀವು ಎಂಟನೆಯ ತರಗತಿಗೆ ಹೋಗುತ್ತೀರಿ. ಅಲ್ಲಿ ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಇನ್ನೊಬ್ಬರು ಶಿಕ್ಷಕರು. ಗಂಟೆ ಹೊಡೆದರೆ ಪುಸ್ತಕ ಬದಲು. ಮಳೆಗೆ ಮಾತ್ರ ಈ ಗಂಟೆ ಗೊತ್ತಿಲ್ಲ. ಒಂದು ಹನಿ ಮಳೆಯಲ್ಲಿ ಎಲ್ಲ ವಿಷಯಗಳೂ ಇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದೆ, ಬಡಗಿ, ಕುಂಬಾರ, ತೋಟಗಾರರಂಥ ಕಸುಬುದಾರರ ಬಳಿ ಕೈಯಾರೆ ಕಲಿಯುವ ಅವಕಾಶ ಇರಬೇಕೆಂದು ಹೇಳಿದೆ. ಮಳೆ ಅಳೆಯಲು ಅಷ್ಟು ದಿನ ಕಾಯಬೇಕಾಗಿಲ್ಲ. ಈ ವಾರವೇ ಆರಂಭಿಸಬಹುದು.

ಮಾಡಿ ನೋಡಿ: ಮಳೆಮಾಪಕ

ಬೇಕಾಗುವ ಸಾಮಗ್ರಿ: ಮೈ ನೇರವಾಗಿರುವ ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಸಣ್ಣ ಕಲ್ಲುಗಳು, ಅಳತೆ ಪಟ್ಟಿ, ಅಂಟುಪಟ್ಟಿ.

ವಿಧಾನ: ಬಾಟಲಿಯ ಮೇಲ್ಭಾಗವನ್ನು, ಮೈ ನೇರವಾಗುವ ಜಾಗದಲ್ಲಿ, ಶಿಕ್ಷಕರಿಂದ ಕತ್ತರಿಸಿಸಿ. ಕತ್ತರಿಸಿದ ಭಾಗವನ್ನು ತಲೆಕೆಳಗಾಗಿಸಿ ಆಲಿಕೆಯಂತೆ ಕೂರಿಸಿ. ಇದರಿಂದ ಒಳಗಿನ ನೀರು ಬೇಗ ಆವಿಯಾಗುವುದಿಲ್ಲ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಆದ್ದರಿಂದ ಕಲ್ಲು ಹಾಕಿ, ನೇರ ಮೈ ಆರಂಭವಾಗುವವರೆಗೆ ನೀರು ತುಂಬಿಸಿ ಅಲ್ಲಿ '0' ಎಂದು ಗುರುತಿಸಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ.

ಇದನ್ನು ಬಯಲಿನಲ್ಲಿಡಿ. ಹತ್ತಿರದ ಮರ ಅಥವಾ ಗೋಡೆಯ ಎತ್ತರ ಐದು ಮೀಟರ್ ಇದ್ದರೆ ಕನಿಷ್ಠ ಹತ್ತು ಮೀಟರ್ ದೂರವಿರಲಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದುಕೊಳ್ಳಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಆ ಹೊತ್ತಿಗೇ. ನಂತರ ನೀರನ್ನು ಮತ್ತೆ 0ಗೆ ತನ್ನಿ. ವಾರಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ ಹೊಸದು ಹಾಕಿ. ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ!

ಒಂದು ಅನುಮಾನ ಬರಬಹುದು. ಅಗಲವಾದ ಡಬ್ಬಿಯಲ್ಲಿ ಹೆಚ್ಚು ನೀರು ಸೇರುತ್ತದಲ್ಲ, ಆಗ ಅಳತೆ ಬದಲಾಗದೇ? ಅಗಲ ಡಬ್ಬಿಗೆ ಹೆಚ್ಚು ಹನಿ ಬೀಳುವುದು ನಿಜ. ಆದರೆ ಆ ನೀರು ಹೆಚ್ಚು ಜಾಗದಲ್ಲಿ ಹರಡಿಕೊಳ್ಳುತ್ತದೆ. ಹಾಗಾಗಿ ಪಾತ್ರೆಯ ಮೈ ನೇರವಾಗಿದ್ದರೆ ನೀರಿನ ಎತ್ತರ ಒಂದೇ ಇರುತ್ತದೆ. ನಂಬಿಕೆ ಬಾರದಿದ್ದರೆ ಎರಡು ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಬಾಟಲಿಯಿಂದ ಲೆಕ್ಕಕ್ಕೆ

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಸಿಗುವ ನೀರು ಸರಿಯಾಗಿ ಒಂದು ಲೀಟರ್. ನಿಮ್ಮ ಶಾಲೆಯ ಕೊಠಡಿಯ ಚಾವಣಿ 10 ಮೀಟರ್ ಉದ್ದ, 6 ಮೀಟರ್ ಅಗಲ ಇದೆ ಎನ್ನಿ. ವಿಸ್ತೀರ್ಣ 60 ಚದರ ಮೀಟರ್. 20 ಮಿ.ಮೀ. ಮಳೆ ಬಿದ್ದರೆ 60 × 20 = 1,200 ಲೀಟರ್!

ವರ್ಷಕ್ಕೆ 800 ಮಿ.ಮೀ. ಮಳೆ ಎಂದಿಟ್ಟುಕೊಂಡರೆ 48,000 ಲೀಟರ್. ಸೋರಿ, ಆವಿಯಾಗಿ ಐದರಲ್ಲಿ ಒಂದು ಪಾಲು ಹೋದರೂ 38,400 ಲೀಟರ್ ಉಳಿಯುತ್ತದೆ. 60 ಮಕ್ಕಳು ಕೈ ತೊಳೆಯಲು, ತಟ್ಟೆ ತೊಳೆಯಲು ದಿನಕ್ಕೆ ತಲಾ ಮೂರು ಲೀಟರ್ ಬಳಸಿದರೆ 180 ಲೀಟರ್ ಬೇಕು. ಭಾಗಿಸಿ ನೋಡಿ. ಈ ನೀರು 213 ದಿನಗಳಿಗೆ ಸಾಕು. ಒಂದೇ ಕೊಠಡಿಯ ಚಾವಣಿ ಇಷ್ಟು ಕೊಡುತ್ತದೆ.

ಆ ನೀರು ಎಲ್ಲಿಗೆ ಹೋಗುತ್ತದೆ?

ಈಗ ಸಮಾಜ ವಿಜ್ಞಾನ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಮಕ್ಕಳಿಗೆ ಶಿವಗಂಗೆ ಬೆಟ್ಟ ಕಣ್ಣೆದುರಿಗೇ ಇದೆ. ಕುಮುದ್ವತಿ ನದಿ ಹುಟ್ಟುವುದು ಈ ಬೆಟ್ಟದಲ್ಲಿ. ಅದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಮುಂದೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಅಣೆಕಟ್ಟು ಕಟ್ಟಲಾಯಿತು. 1974ರಲ್ಲಿ ಕಾವೇರಿ ನೀರು ಬರುವವರೆಗೂ ಬೆಂಗಳೂರಿಗೆ ಇದೇ ಮುಖ್ಯ ಆಸರೆ. ಅಂದರೆ ಬೆಂಗಳೂರಿನವರು ದಶಕಗಳ ಕಾಲ ಶಿವಗಂಗೆಯ ಮಳೆಯನ್ನೂ ಕುಡಿದಿದ್ದಾರೆ!

ಇಂದು ಕುಮುದ್ವತಿ ವರ್ಷದ ಬಹುಪಾಲು ಒಣಗಿರುತ್ತದೆ. ಮಳೆಯೇ ಕಡಿಮೆಯಾಯಿತೇ? ಅಥವಾ ಬಿದ್ದ ಮಳೆ ನೆಲದಲ್ಲಿ ಇಂಗುತ್ತಿಲ್ಲವೇ? ಒಂದು ಪ್ರಯೋಗ ಮಾಡಿ. ಎರಡು ಬಾಟಲಿಗಳನ್ನು ಉದ್ದಕ್ಕೆ ಸೀಳಿಸಿ ದೋಣಿಯಂತೆ ಮಾಡಿ, ಬಾಯಿ ತೆರೆದಿಟ್ಟು ಓರೆಯಾಗಿರಿಸಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣು ಇರಲಿ. ಎರಡಕ್ಕೂ ಒಂದೊಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಹೊರಬಂದ ನೀರೆಷ್ಟು, ಬಣ್ಣ ಹೇಗಿದೆ, ಯಾವುದು ಬೇಗ ಬಂತು ಎಂದು ಬರೆಯಿರಿ. ಬೆಟ್ಟದ ಹಸಿರಿಗೂ ನದಿಗೂ ಇರುವ ನಂಟು ನಿಮಗೇ ತಿಳಿಯುತ್ತದೆ.

ಅಜ್ಜಿಯ ಲೆಕ್ಕ

ಕನ್ನಡದ ಪಾಠವೂ ಇದರಲ್ಲಿದೆ. 'ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ' ಎನ್ನುವ ಗಾದೆ ಕೇಳಿದ್ದೀರಾ? ರೈತರು ಮಳೆಗೆ ಭರಣಿ, ರೋಹಿಣಿ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿಟ್ಟಿದ್ದಾರೆ. 27 ನಕ್ಷತ್ರಗಳು, 365 ದಿನ. ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಅಜ್ಜ ಅಜ್ಜಿಯರನ್ನು ಕೇಳಿ ಮಳೆ ಗಾದೆಗಳನ್ನು ಸಂಗ್ರಹಿಸಿ. ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಬಾವಿಯಲ್ಲಿ ಎಷ್ಟು ಆಳಕ್ಕೆ ನೀರು ಸಿಗುತ್ತಿತ್ತು ಎಂಬುದನ್ನೂ ಬರೆದುಕೊಳ್ಳಿ. ನಿಮ್ಮ ಅಳತೆಯ ಪಕ್ಕದಲ್ಲಿ ಗಾದೆಯನ್ನಿಟ್ಟು ಪರೀಕ್ಷಿಸಿ.

ಮಳೆ ಅಳೆಯುವುದು ಹೊಸದಲ್ಲ. ಧಾನ್ಯದ ಉಗ್ರಾಣದಲ್ಲಿ ಮಳೆ ಅಳೆಯುವ ಪಾತ್ರೆ ಇಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಕೊರಿಯಾದಲ್ಲಿ 1441ರಲ್ಲಿ, ಸೆಜೊಂಗ್ ಎಂಬ ದೊರೆಯ ಕಾಲದಲ್ಲಿ, ಮಳೆಮಾಪಕ ಬಳಕೆಗೆ ಬಂತು. ಬೆಳೆ ಎಷ್ಟಾದೀತು ಎಂದು ಮೊದಲೇ ತಿಳಿಯುವುದು ಎಲ್ಲ ಆಡಳಿತಗಾರರಿಗೂ ಬೇಕಿತ್ತು. ಈಗ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಮಟ್ಟದಲ್ಲಿ ತಾನೇ ಅಳೆದು ಮಾಹಿತಿ ಕಳಿಸುವ ಮಳೆಮಾಪಕಗಳಿವೆ. ನಿಮ್ಮ ಪಂಚಾಯತಿಯಲ್ಲಿ ವಿಚಾರಿಸಿ, ನಿಮ್ಮ ಬಾಟಲಿಯ ಅಳತೆಯೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಕಾರಣ ಹುಡುಕಿ.

ಒಂದು ಮಾತು ನೆನಪಿರಲಿ. ಒಂದು ವರ್ಷದ ಅಳತೆಯಿಂದ 'ಮಳೆ ಕಡಿಮೆಯಾಗಿದೆ' ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಹಲವು ವರ್ಷಗಳ ಲೆಕ್ಕ ಬೇಕು. ಆದ್ದರಿಂದ ನೀವು ಪ್ರೌಢಶಾಲೆಗೆ ಹೊರಡುವಾಗ ಮಳೆ ಪುಸ್ತಕವನ್ನು ಕೆಳಗಿನ ತರಗತಿಯವರ ಕೈಗೆ ಕೊಟ್ಟು, ಬಾಟಲಿ ಓದುವುದನ್ನೂ ಕಲಿಸಿ ಹೋಗಿ.

ನೀವೇ ಕಂಡುಕೊಳ್ಳಿ

1. ನಿಮ್ಮ ಶಾಲೆಯ ಎಲ್ಲ ಕೊಠಡಿಗಳ ಚಾವಣಿಯಿಂದ ವರ್ಷಕ್ಕೆ ಎಷ್ಟು ಲೀಟರ್ ನೀರು ಸಿಗಬಹುದು?
2. ಇಳಿಜಾರಾದ ಹೆಂಚಿನ ಮನೆಗೆ ಹೆಂಚಿನ ಅಳತೆ ತೆಗೆದುಕೊಳ್ಳಬೇಕೇ, ಅದರ ಕೆಳಗಿನ ನೆಲದ ಅಳತೆಯೇ? ಏಕೆ?
3. ನಿಮ್ಮ ಶಾಲೆಯ ಅಂಗಳದ ನೀರು ಯಾವ ಕೆರೆಗೆ, ಯಾವ ಹೊಳೆಗೆ ಸೇರುತ್ತದೆ? ನಕ್ಷೆ ಬರೆಯಿರಿ.