ನಿಮ್ಮ ಮೂಡ್ ಮೇಲೊಂದು ಪ್ರಯೋಗ

2012ರ ಜನವರಿ. ಫೇಸ್‌ಬುಕ್ ಒಂದು ವಾರ 6,89,003 ಜನರ ಮೇಲೆ ಪ್ರಯೋಗ ಮಾಡಿತು. ಆ ಜನರಿಗೇ ಹೇಳಲಿಲ್ಲ! ಕೆಲವರಿಗೆ ಗೆಳೆಯರ ಖುಷಿಯ ಪೋಸ್ಟ್‌ಗಳು ಕಡಿಮೆ ಕಾಣುವಂತೆ, ಇನ್ನು ಕೆಲವರಿಗೆ ಬೇಸರದವು ಕಡಿಮೆ ಕಾಣುವಂತೆ ಮಾಡಿ, ಅವರು ಏನು ಬರೀತಾರೆ ಅಂತ ನೋಡಿದರು.

ಮೂವತ್ತು ಲಕ್ಷಕ್ಕೂ ಮೀರಿದ ಪೋಸ್ಟ್‌ಗಳು. ಮನುಷ್ಯರು ಓದೋಕಾಗುತ್ತಾ? ಸಾಫ್ಟ್‌ವೇರ್ ಓದಿತು. ಓದಿತು ಅನ್ನೋದಕ್ಕಿಂತ ಪದ ಎಣಿಸಿತು ಅನ್ನಿ. ಸಂತೋಷದ ಒಂದು ಪದ ಸಿಕ್ಕರೂ ಸಾಕು, ಅದು ಖುಷಿಯ ಪೋಸ್ಟ್. ಪ್ರಯೋಗ ಇಂಗ್ಲಿಷ್‌ನಲ್ಲಿ ಫೇಸ್‌ಬುಕ್ ನೋಡುವವರ ಮೇಲೆ ಮಾತ್ರ ನಡೆದಿತ್ತು. ಇಲ್ಲದಿದ್ದರೆ ನಮ್ಮ 'ಭಾರೀ ಒಳ್ಳೆಯವನು ಬಿಡಪ್ಪ' ಅನ್ನೋ ಮಾತನ್ನೂ ಅದು ಹೊಗಳಿಕೆ ಅಂತಲೇ ಬರ್ಕೊಳ್ತಿತ್ತು.

ಫಲಿತಾಂಶ? ಖುಷಿಯ ಪೋಸ್ಟ್ ಕಡಿಮೆ ಕಂಡವರು ತಾವೂ ಖುಷಿಯ ಪದಗಳನ್ನು ಕಡಿಮೆ ಬಳಸಿದರು. ವ್ಯತ್ಯಾಸ ತೀರಾ ಸಣ್ಣದು. ಆದರೆ ಅಷ್ಟು ಸಣ್ಣ ವ್ಯತ್ಯಾಸ ಗೊತ್ತಾಗಬೇಕಾದರೆ ಲಕ್ಷಾಂತರ ಜನ ಬೇಕು. ಸಂವಹನ ಸಂಶೋಧಕರಿಗೆ ಈ ತಂತ್ರಜ್ಞಾನ ಕೊಟ್ಟ ಬಲ ಅದು.

ಹಿಂದೆಲ್ಲ ಸಮೀಕ್ಷೆಯವರು ಫಾರಂ ಹಿಡಿದು ಮನೆಗೆ ಬರೋರು. ಬೇಡಪ್ಪ ಅಂತ ಬಾಗಿಲು ಹಾಕಬಹುದಿತ್ತು. ಇಲ್ಲಿ ಹಾಕೋಕೆ ಬಾಗಿಲೇ ಇಲ್ಲ. ಖಾತೆ ತೆರೆಯುವಾಗ ನಿಯಮಗಳಿಗೆ ಒಪ್ಪಿದ್ದೀರಲ್ಲ, ಅದೇ ಒಪ್ಪಿಗೆ ಅಂತ ಸಂಶೋಧಕರು ಬರೆದರು. ಸ್ವಾಮಿ, ಆ ನಿಯಮಗಳನ್ನು ಯಾರು ಓದಿರ್ತಾರೆ? ಇದನ್ನು ಒಪ್ಪಿಗೆ ಅಂತ ಕರೆಯೋಕೆ ನನಗಂತೂ ಮನಸ್ಸು ಬರೋಲ್ಲ.

2014ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನ ಬಂತು, ದೊಡ್ಡ ಗಲಾಟೆಯೂ ಆಯಿತು. ಮರುತಿಂಗಳು ಪತ್ರಿಕೆಯೇ ಒಪ್ಪಿಗೆಯ ವಿಚಾರದಲ್ಲಿ ಕಳವಳವಿದೆ ಎಂದು ಪ್ರಕಟಿಸಿತು. ಲೇಖನವನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.