ಮುಂಗಾರು ಉಳುವ ಕಡಲು

ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ ತಿಂಗಳ ಶೈಕ್ಷಣಿಕ ಪ್ರವಾಸದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಮಲ್ಪೆಯ ಬಂದರಿಗೆ ಕರೆದೊಯ್ದಿದ್ದೆವು. ಕೆರೆ ಹಳ್ಳಗಳಿಗಿಂತ ಹಿರಿದಾದ ನೀರನ್ನು ಕಾಣದ ಬಯಲುಸೀಮೆಯ ಮಕ್ಕಳು. ದೋಣಿಗಳಿಂದ ಬುಟ್ಟಿಬುಟ್ಟಿಯಾಗಿ ಇಳಿಯುತ್ತಿದ್ದ ಬೂತಾಯಿ ಮೀನಿನ ರಾಶಿಯನ್ನು ನೋಡುತ್ತ ನಿಂತಿದ್ದ ಹುಡುಗನೊಬ್ಬನು, “ಮಳಿಗಾಲದಾಗ ಕಡಲು ಹುಚ್ಚೆದ್ದಿರತೈತಿ ಅಂತೀರಿ. ಅದು ಮುಗದ ಕೂಡ್ಲೇ ಇಷ್ಟ ಮೀನ ಎಲ್ಲಿಂದ ಬಂದ್ವು ರೀ ಸರ?” ಎಂದು ಕೇಳಿದನು. ಅಂದು ನಾನಿತ್ತ ಉತ್ತರ ಅರ್ಧದ್ದು. ಉಳಿದರ್ಧವನ್ನು ಬರೆಯಲು ಈ ಸಂಚಿಕೆ ಅವಕಾಶವನ್ನೊದಗಿಸಿದೆ.

ಉಷ್ಣವಲಯದ ಸಮುದ್ರವು ಜೀವರಾಶಿಯಿಂದ ತುಂಬಿ ತುಳುಕುವುದೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದರ ಬಹುಭಾಗ ಮರುಭೂಮಿಗೆ ಸಮಾನ. ಬಿಸಿಲಿಗೆ ಕಾದ ಮೇಲಣ ನೀರು ಹಗುರ. ಕೆಳಗಣ ತಣ್ಣೀರು ಭಾರ. ಎಣ್ಣೆಯು ನೀರಿನ ಮೇಲೆ ನಿಂತಂತೆ ಅವೆರಡೂ ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಜೀವಿಗಳ ಹೆಣ, ಹೇಸಿಗೆಗಳೆಲ್ಲ ಕೆಳಕ್ಕಿಳಿದು ಕೊಳೆತು ನೈಟ್ರೇಟ್, ಫಾಸ್ಫೇಟ್‌ಗಳಾಗಿ ಆಳದಲ್ಲಿ ಸಂಚಯಗೊಳ್ಳುತ್ತವೆ. ಹೀಗೆ ಬೆಳಕಿರುವೆಡೆಯಲ್ಲಿ ಗೊಬ್ಬರವಿಲ್ಲ, ಗೊಬ್ಬರವಿರುವೆಡೆಯಲ್ಲಿ ಬೆಳಕಿಲ್ಲ. ಕೆಳಗಣ ಮಣ್ಣನ್ನು ಮೇಲಕ್ಕೆ ತರಲು ರೈತನಿಗೆ ನೇಗಿಲು ಬೇಕು. ಅರಬ್ಬೀ ಸಮುದ್ರಕ್ಕೆ ಆ ನೇಗಿಲು ಮುಂಗಾರಿನ ಗಾಳಿಯೇ ಆಗಿದೆ.

ಈ ಸಮುದ್ರದ ನೆಲೆಯೇ ವಿಚಿತ್ರವಾದುದು. ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳು ಉತ್ತರದಲ್ಲಿ ಹಿಮವಲಯದವರೆಗೆ ಚಾಚಿದ್ದರೆ, ಇದಕ್ಕೆ ಇರಾನ್, ಪಾಕಿಸ್ತಾನಗಳ ನೆಲ ಅಡ್ಡಗಟ್ಟಿದೆ. ಬೇಸಗೆಯಲ್ಲಿ ಆ ನೆಲ ಕಾದಾಗ ಗಾಳಿ ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ. ‘ಮಾನ್ಸೂನ್’ ಎಂಬ ಪದಕ್ಕೆ ಮೂಲವಾದ ಅರಬ್ಬಿಯ ‘ಮೌಸಿಮ್’ ಎಂದರೆ ಋತು ಎಂದರ್ಥ. ಗಾಳಿಯೊಡನೆ ನೀರೂ ತಿರುಗುತ್ತದೆ. ಸೊಮಾಲಿಯದ ತೀರದ ಮಹಾಪ್ರವಾಹವು ಬೇಸಗೆಯಲ್ಲಿ ಉತ್ತರಕ್ಕೂ ಚಳಿಗಾಲದಲ್ಲಿ ದಕ್ಷಿಣಕ್ಕೂ ಹರಿಯುವುದನ್ನು ಕಂಡರೆ ಸೋಜಿಗವೆನಿಸದಿರದು.

ಆದರೆ ಗಾಳಿಯು ನೀರನ್ನು ತಾನು ಬೀಸಿದತ್ತಲೇ ಒಯ್ಯುವುದಿಲ್ಲ. 1893ರಿಂದ 1896ರವರೆಗೆ ಉತ್ತರಧ್ರುವದ ಹಿಮದಲ್ಲಿ ಹಡಗನ್ನು ಸಿಲುಕಿಸಿಕೊಂಡು ತೇಲಿದ ನಾರ್ವೆಯ ನಾನ್ಸೆನ್, ಹಿಮದ ಹಲಗೆಗಳು ಗಾಳಿಯ ದಿಕ್ಕಿಗೆ ಬಲಕ್ಕೆ ಸರಿದು ಚಲಿಸುವುದನ್ನು ಗಮನಿಸಿದನು. ಇದಕ್ಕೆ ಭೂಮಿಯ ಭ್ರಮಣವೇ ಕಾರಣವೆಂಬುದನ್ನು ಸ್ವೀಡನ್ನಿನ ಎಕ್ಮನ್ ಗಣಿತದಿಂದ ವಿವರಿಸಿದನು. 1905ರಲ್ಲಿ ಪ್ರಕಟವಾದ ಅವನ ಪ್ರಬಂಧ ಪ್ರಸಿದ್ಧವಾಗಿದೆ. ಉತ್ತರಾರ್ಧಗೋಲದಲ್ಲಿ ಮೇಲ್ಪದರದ ನೀರು ಒಟ್ಟಿನಲ್ಲಿ ಗಾಳಿಯ ಬಲಕ್ಕೆ ಸಾಗುತ್ತದೆ. ಮಳೆಗಾಲದಲ್ಲಿ ಕೇರಳ, ಕರ್ನಾಟಕಗಳ ಕರಾವಳಿಯಲ್ಲಿ ಗಾಳಿ ತೀರಗುಂಟ ತೆಂಕಣಕ್ಕೆ ಎಳೆಯುವುದರಿಂದ ಮೇಲಣ ನೀರು ಪಡುವಲಿಗೆ, ಅಂದರೆ ದಡದಿಂದ ದೂರಕ್ಕೆ, ಸರಿಯುತ್ತದೆ. ತೆರವಾದ ಎಡೆಯನ್ನು ತುಂಬಲು ಆಳದ ತಣ್ಣೀರು ಮೇಲೇರುತ್ತದೆ. ಸೊಮಾಲಿಯದಲ್ಲಿ ಈ ಕ್ರಿಯೆ ಇನ್ನೂ ಪ್ರಬಲ. ವಿಷುವದ್ವೃತ್ತದ ಸಮೀಪದ ಆ ಕಡಲಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು.

ಮೇಲೇರಿದ ನೀರಿಗೆ ಬೆಳಕು ತಾಗಿದೊಡನೆ ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು, ಅದರಲ್ಲಿಯೂ ಸಿಲಿಕದ ಚಿಪ್ಪುಳ್ಳ ಡಯಾಟಮ್‌ಗಳು, ದಿನಗಳ ಲೆಕ್ಕದಲ್ಲಿ ಹುಲುಸಾಗುತ್ತವೆ. ಉತ್ತರ ಕನ್ನಡದವರು ತಾರ್ಲೆ ಎಂದು ಕರೆಯುವ ಬೂತಾಯಿ ಈ ಹಸಿರನ್ನೇ ಸೋಸಿ ತಿನ್ನುವ ಮೀನು. ಕಡಲಿನ ನೀಳ ಆಹಾರಸರಪಳಿಯಲ್ಲಿ ಹುಲ್ಲಿಗೆ ಇಷ್ಟು ಸಮೀಪದಲ್ಲಿರುವುದರಿಂದಲೇ ಅದು ಅಷ್ಟೊಂದು ವಿಪುಲವಾಗಲು ಸಾಧ್ಯ. ಜೂನ್ ತಿಂಗಳಿನಿಂದ ಮೊಟ್ಟೆಯಿಡತೊಡಗುವ ಈ ಮೀನಿನ ಮರಿಗಳು ಮಳೆಗಾಲದ ಬೆಳೆಯನ್ನೇ ಉಂಡು ಬೆಳೆಯುತ್ತವೆ. ಕಡಲು ಹುಚ್ಚೆದ್ದುದರಿಂದಲೇ ಮೀನು ಬಂದಿತು. ಹುಡುಗನ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ಇಷ್ಟೇ. (ಮೀನುಣ್ಣದ ನಮ್ಮಂಥವರಿಗೂ ಇದರ ಋಣ ತಪ್ಪಿದ್ದಲ್ಲ. ಎಣ್ಣೆ ತೆಗೆದು ಉಳಿದ ಬೂತಾಯಿಯ ಹಿಂಡಿ ಒಂದು ಕಾಲದಲ್ಲಿ ತೆಂಗು, ಕಾಫಿ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು.)

ಕರಾವಳಿಯ ಮೊಗವೀರರು, ಖಾರ್ವಿಗಳು ಇದನ್ನು ಪುಸ್ತಕದಿಂದ ಕಲಿತವರಲ್ಲ. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿಗಳನ್ನರ್ಪಿಸಿ ಹೊಸ ಋತುವನ್ನು ತೊಡಗುವುದು ಅವರ ಸಂಪ್ರದಾಯ. ಮೀನಿನ ಹಿಂಡು ದಡದ ಬಳಿಗೆ ಬಂದಾಗ ಹತ್ತಾರು ಮಂದಿ ಸೇರಿ ರಂಪಣಿ ಬಲೆಯನ್ನು ಮರಳಿನ ಮೇಲಿಂದಲೇ ಎಳೆಯುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ಹಿಂಡನ್ನು ದಡದಲ್ಲಿ ಕಾಯುವ ಅಗತ್ಯವುಳಿಯಲಿಲ್ಲ. ರಂಪಣಿಯೂ ಉಳಿಯಲಿಲ್ಲವೆಂದೇ ಹೇಳಬೇಕು.

ಇನ್ನು ನಾನು ಹೇಳದೆ ಬಿಟ್ಟ ಅರ್ಧ. ಆಳದಿಂದ ಏರಿ ಬರುವ ನೀರಿನಲ್ಲಿ ಗೊಬ್ಬರವಿದೆ, ಉಸಿರಿಲ್ಲ. ಮೇಲಿನಿಂದ ಸುರಿಯುವ ಜೀವಾವಶೇಷ ಕೊಳೆಯುವಾಗ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಉತ್ತರ ಮುಚ್ಚಿದ ಈ ಕಡಲಿಗೆ ಹೊಸ ನೀರು ಬರುವುದೂ ನಿಧಾನ. ಆದ್ದರಿಂದ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ಬಹುಮಟ್ಟಿಗೆ ಬತ್ತಿಹೋದ ವಿಶಾಲ ಪದರವೊಂದು ಅರಬ್ಬೀ ಸಮುದ್ರದ ಮಧ್ಯ ಹಾಗೂ ಉತ್ತರ ಭಾಗಗಳಲ್ಲಿ ಹಬ್ಬಿದೆ. ಮಳೆಗಾಲದಲ್ಲಿ ದಡದತ್ತ ತೆವಳಿ ಬರುವ ನೀರೂ ಉಸಿರು ಕಡಿಮೆಯಾದದ್ದೇ. 1950ರ ದಶಕದ ಕೊನೆಯಲ್ಲಿ ಕೊಚ್ಚಿಯಲ್ಲಿ ಕೆಲಸಮಾಡಿದ ಕಾರ್ಲ್ ಬಾನ್ಸೆ, ಇಂತಹ ನೀರು ಏರಿ ಬಂದಾಗ ತಳದ ಮೀನುಗಳು ಆ ಪ್ರದೇಶವನ್ನು ತೊರೆಯುವುದನ್ನು 1959ರಲ್ಲಿಯೇ ತೋರಿಸಿದ್ದರು. 1966ರಲ್ಲಿ ಸ್ಥಾಪಿತವಾದ, ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1999ರ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಪಶ್ಚಿಮ ಕರಾವಳಿಯ ತಳನೀರಿನಲ್ಲಿ ಆಮ್ಲಜನಕ ಪೂರ್ಣ ಬತ್ತಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿದ್ದನ್ನು ಅಳೆದರು. ಹೀಗಾಗಿ ದಡದ ಸಮೀಪ ಒತ್ತೊತ್ತಾಗಿ ಸೇರುವ ಜೀವಿಗಳೆಲ್ಲ ಮೇವಿಗಾಗಿಯೇ ಬಂದವಲ್ಲ. ಕೆಲವು ಉಸಿರಿಗಾಗಿ ಓಡಿ ಬಂದಂಥವು.

ಮೇವಿಗೂ ಉಸಿರಿಗೂ ನಡುವಣ ಈ ಕಿರುದಾರಿಯಲ್ಲಿಯೇ ಬೂತಾಯಿಯ ಬಾಳು. ಅದರ ಆಯುಸ್ಸು ಎರಡು ಎರಡೂವರೆ ವರ್ಷ ಮಾತ್ರ. ಒಂದು ಮುಂಗಾರು ಕೆಟ್ಟರೆ ಮರುವರ್ಷದ ಬಲೆಯಲ್ಲಿ ಅದು ಕಾಣುತ್ತದೆ. 1940ರ ದಶಕದಲ್ಲಿ ಮಲಬಾರ್, ದಕ್ಷಿಣ ಕನ್ನಡ ತೀರಗಳಿಂದ ಈ ಮೀನು ಕೆಲವು ವರ್ಷ ಮರೆಯಾಗಿದ್ದಿತು. ನೆರೆಯ ಕೇರಳದ ಅಂಕಿಗಳು ಇನ್ನೂ ಸ್ಪಷ್ಟವಾಗಿವೆ: 2012ರಲ್ಲಿ ಸುಮಾರು 4 ಲಕ್ಷ ಟನ್, 2021ರಲ್ಲಿ 3,297 ಟನ್, 2023ರಲ್ಲಿ ಮತ್ತೆ 1 ಲಕ್ಷ ಟನ್ನನ್ನು ಮೀರಿದ ಇಳುವರಿ. ಅತಿಯಾದ ಹಿಡಿತ, ಎಲ್ ನಿನೊ ವರ್ಷಗಳ ಕಾವು, ಮಳೆಯ ಏರುಪೇರು ಇವುಗಳಲ್ಲಿ ಯಾವುದರ ಪಾಲೆಷ್ಟೆಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಕಡಲು ಕಾದಷ್ಟೂ ಮೇಲಿನ ಹಗುರ ನೀರಿನ ಮುಚ್ಚಳ ಬಿಗಿಯಾಗುವುದು, ನೇಗಿಲಿಗೆ ನೆಲ ಗಟ್ಟಿಯಾದಂತೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಪಶ್ಚಿಮ ತೀರದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮ ಮೊಟ್ಟೆಯಿಡುವ ಕಾಲದ ಒಂದು ಭಾಗವನ್ನಷ್ಟೇ ಕಾಯುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ದೋಣಿಗಳು ಹೊರಡುವಾಗ, ಹಿಂದಿನ ತಿಂಗಳು ಹುಟ್ಟಿದ ಮರಿಗಳು ಇನ್ನೂ ಬೆರಳುದ್ದವೂ ಬೆಳೆದಿರುವುದಿಲ್ಲ.